ಅಕ್ಕನ ಬಿಲ್ಲಿಂಗ್ ಕಂಪನಿ ಮತ್ತು ನನ್ನ ವೆಬ್‌ಸೈಟು

ನ್ಯೂಜೆರ್ಸಿಯಲ್ಲಿರುವ ನನ್ನ ದೊಡ್ಡಮ್ಮನ ಮಗಳು ಮೆಡಿಕಲ್ ಬಿಲ್ಲಿಂಗ್ ಶುರು ಮಾಡಿದಳು. ಮನೆಯ ಒಂದು ಕೋಣೆ, ಒಂದು ಕಂಪ್ಯೂಟರು, ಅಷ್ಟೂ ವರ್ಷದ ಉಳಿತಾಯ. ಅದೇನಪ್ಪಾ ಕೆಲಸ ಅಂತೀರಾ? ಅಮೆರಿಕದಲ್ಲಿ ಡಾಕ್ಟರಿಗೆ ಇನ್ಶೂರೆನ್ಸ್‌ನಿಂದ ದುಡ್ಡು ಬರಬೇಕಾದರೆ ಕಾಯಿಲೆಗೊಂದು ಕೋಡು, ಚಿಕಿತ್ಸೆಗೊಂದು ಕೋಡು ಹಾಕಿ ಕ್ಲೇಮ್ ಕಳಿಸಬೇಕು. ಒಂದಂಕಿ ತಪ್ಪಿದರೂ ವಾಪಸ್. ಮೆಡಿಕೇರ್‌ಗೆ ಸಾಮಾನ್ಯವಾಗಿ ಒಂದು ವರ್ಷದೊಳಗೆ ಕಳಿಸದಿದ್ದರೆ ಆ ದುಡ್ಡಿಗೆ ಎಳ್ಳುನೀರು.

ಮನೆಯಲ್ಲೊಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಇದ್ದಮೇಲೆ ಕೇಳಬೇಕೇ, ಮಾರ್ಕೆಟಿಂಗ್ ನನ್ನ ತಲೆಗೆ ಬಂತು. ಬೆಂಗಳೂರಿನಲ್ಲಿ ಕೂತು ವೆಬ್‌ಸೈಟ್ ಮಾಡಿದೆ, ಗೂಗಲ್‌ನಲ್ಲಿ ಜಾಹೀರಾತು ಹಾಕಿಸಿದೆ. ಆರು ತಿಂಗಳಲ್ಲಿ ಬಂದ ಫೋನುಗಳೆಲ್ಲ, ಬಿಲ್ ಜಾಸ್ತಿ ಬಂದಿದೆ ಅಂತ ಜಗಳಕ್ಕೆ ನಿಂತ ರೋಗಿಗಳದ್ದು! "ಆ ದುಡ್ಡಲ್ಲಿ ಒಂದ್ಸಲ ಊರಿಗೆ ಬಂದು ಹೋಗಬಹುದಿತ್ತು ಕಣೋ" ಅಂದಳು ಅಕ್ಕ. ನಾನು ಮಾತಾಡಲಿಲ್ಲ.

ಪಾಂಪ್ಲೆಟ್ಟಿನ ಕಥೆ ಇನ್ನೂ ಚೆನ್ನಾಗಿದೆ. ಬಂದ ಹಣದಲ್ಲಿ ಶೇಕಡಾ ಇಷ್ಟು ಅಂತ ತೆಗೆದುಕೊಳ್ಳುವುದು ಈ ಧಂದೆಯ ರೂಢಿ. ನಾನು ಅದನ್ನೇ ದಪ್ಪಕ್ಷರದಲ್ಲಿ ಹಾಕಿದ್ದೆ. ಆದರೆ ನದಿಯಾಚೆಯ ನ್ಯೂಯಾರ್ಕ್ ರಾಜ್ಯದಲ್ಲಿ ಡಾಕ್ಟರ ಜೊತೆ ಹಾಗೆ ಒಪ್ಪಂದ ಮಾಡಿಕೊಂಡರೆ ಅದು ಫೀಸು ಹಂಚಿಕೊಂಡಂತೆ, ಕಾನೂನು ಒಪ್ಪುವುದಿಲ್ಲ. ಆಚೆ ದಡದ ಕ್ಲಿನಿಕ್ಕುಗಳಿಗೆಂದು ಅಚ್ಚು ಹಾಕಿಸಿದ ಕಟ್ಟು ಸೀದಾ ಕಸಕ್ಕೆ.

ಈಗ ನನಗನ್ನಿಸುವುದು, ಈ ವ್ಯಾಪಾರಕ್ಕೆ ಜಾಹೀರಾತೇ ತಪ್ಪು ದಾರಿ. ಒಬ್ಬಳೇ ಕೂತು ಮಾಡುವವಳಿಗೆ ಸಾವಿರ ಗಿರಾಕಿ ಯಾಕೆ? ನಾಲ್ಕೈದು ಕ್ಲಿನಿಕ್ ಸಿಕ್ಕರೆ ಕೈತುಂಬ ಕೆಲಸ. ತನ್ನ ಇಡೀ ಸಂಪಾದನೆಯ ಕೀಲಿಕೈಯನ್ನು ಯಾವ ಡಾಕ್ಟರಾದರೂ ವೆಬ್‌ಸೈಟ್ ನೋಡಿ ಕೊಡುತ್ತಾನಾ, ನೀವೇ ಹೇಳಿ.

ಬಿಟ್ಟಿಯಾಗಿ ಸಿಗುವ ಚಿನ್ನದ ಗಣಿ ಬೇರೆಯೇ ಇದೆ. ಅಲ್ಲಿನ ಪ್ರತಿ ಡಾಕ್ಟರಿಗೂ ಎನ್‌ಪಿಐ ಅಂತ 10 ಅಂಕಿಯ ಸಂಖ್ಯೆ ಇರುತ್ತದೆ. ವಿಳಾಸ, ಫೋನು, ಯಾವ ವಿಭಾಗ, ಸಂಖ್ಯೆ ಸಿಕ್ಕ ತಾರೀಖು, ಎಲ್ಲವೂ ಸರ್ಕಾರದ ಪಟ್ಟಿಯಲ್ಲಿ ಬಹಿರಂಗ. ವಾರವಾರ ಹೊಸ ಫೈಲು ಬರುತ್ತದೆ. ಅಕ್ಕನ ಊರಿನ ಪಿನ್‌ಕೋಡುಗಳನ್ನು ಹೆಕ್ಕುವ ಪುಟ್ಟ ಪ್ರೋಗ್ರಾಂ ಬರೆದುಕೊಟ್ಟೆ. ಮೊದಲ ಸಲ ಓದುತ್ತಿರುವ ಹುಡುಗರ ಹೆಸರೆಲ್ಲ ಬಂದುಬಿಟ್ಟವು (ಅವರಿಗೂ ಎನ್‌ಪಿಐ ಇರುತ್ತದೆ!). ಆಮೇಲೆ ಸಂಸ್ಥೆಗಳಿಗೆ ಕೊಡುವ ಎರಡನೇ ಬಗೆಯ ಸಂಖ್ಯೆಗಳನ್ನಷ್ಟೇ ಉಳಿಸಿಕೊಂಡೆ. ಹೊಸದಾಗಿ ಬೋರ್ಡು ಹಾಕಿದವರು ಅಲ್ಲಿ ಸಿಗುತ್ತಾರೆ.

ಉಳಿದದ್ದು ಅಕ್ಕನ ಕಾಲು, ಅಕ್ಕನ ಬಾಯಿ. ಡಾಕ್ಟರನ್ನು ಕೇಳುವುದೇ ಇಲ್ಲ. ಆಫೀಸ್ ಮ್ಯಾನೇಜರ್ ಹತ್ತಿರ ಹೋಗಿ ಒಂದೇ ಪ್ರಶ್ನೆ: "90 ದಿನ ದಾಟಿದ ಕ್ಲೇಮು ಎಷ್ಟಿವೆ?" ಆಕೆಯ ಮುಖ ಬಾಡಿದರೆ ಮಾತು ಮುಂದುವರಿಯುತ್ತದೆ. ರೋಗಿಗಳ ಮಾಹಿತಿ ಮುಟ್ಟುವ ಮೊದಲು ಹಿಪಾ ಕಾನೂನಿನ ಪ್ರಕಾರ ಒಪ್ಪಂದಕ್ಕೆ ಸಹಿ, ಆಮೇಲೆ ಕೆಲವು ಹಳೇ ಕ್ಲೇಮು ಬಿಡಿಸಿಕೊಡುವುದು.

ಬೆಲೆಯಲ್ಲಿ ಅವಳು ಗೆಲ್ಲಲಾರಳು. ಇದೇ ಬಿಲ್ಲಿಂಗ್ ಕೆಲಸಕ್ಕೆ ನಮ್ಮ ಬೆಂಗಳೂರಲ್ಲೇ ಹುಡುಗರು ರಾತ್ರಿ ಪಾಳಿ ಕ್ಯಾಬ್ ಹತ್ತುತ್ತಾರೆ, ನನ್ನ ಹಳೇ ರೂಮ್‌ಮೇಟ್ ಕೂಡ. ಆದರೆ ಅವನು ಆ ಮ್ಯಾನೇಜರ್ ಎದುರು ಕುರ್ಚಿ ಎಳೆದುಕೊಂಡು ಕೂರಲಾರ.

ಮೊದಲ ಗಿರಾಕಿ ಒಬ್ಬ ಫಿಸಿಯೋಥೆರಪಿಸ್ಟ್. ಎರಡನೆಯವರು ಅದೇ ಕಟ್ಟಡದ ಮೇಲ್ಮಹಡಿಯವರು, ಕೆಳಗಿನ ಮ್ಯಾನೇಜರ್ ಹೇಳಿ ಕಳಿಸಿದ್ದು. ಜಾಹೀರಾತು ನಿಲ್ಲಿಸಿದ್ದೇನೆ. ವೆಬ್‌ಸೈಟಲ್ಲಿ ಈಗ ವಿಳಾಸ, ಫೋನ್ ನಂಬರು, ಕೆಳಗೆ ಒಂದು ಸಾಲು: ರೋಗಿಗಳು ದಯವಿಟ್ಟು ನಿಮ್ಮ ಕ್ಲಿನಿಕ್ಕಿಗೆ ಫೋನ್ ಮಾಡಿ.