ನಿನ್ನೆ ಏನು ತಿಂದ್ರಿ?

ನಮ್ಮವ್ವನ ಮುದ್ದೆಯನ್ನೂ ಇಥಿಯೋಪಿಯಾದ ತಾಯಿಯ ಇಂಜೆರಾ ರೊಟ್ಟಿಯನ್ನೂ ಹೋಲಿಸೋದು ಹೇಗೆ? ಮುದ್ದೆ ಮನೆಗೊಂದು ಗಾತ್ರ. (ಹಾಸ್ಟೆಲ್ಲಿನದು ಕೇಳಲೇಬೇಡಿ.) ಅದಕ್ಕೇ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2016ರಲ್ಲಿ ತಕ್ಕಡಿ ಬಿಟ್ಟು, ಎಲ್ಲ ದೇಶದ ಹೆಂಗಸರಿಗೂ ಒಂದೇ ಪ್ರಶ್ನೆ ತಂತು: ಹತ್ತು ಗುಂಪಿನ ಆಹಾರದಲ್ಲಿ ನಿನ್ನೆ ಐದಾದರೂ ತಿಂದಿರಾ? ಅಲ್ಲಿ ಕೋಳಿ, ಮೀನು, ದನದ ಬಾಡು ಎಲ್ಲ ಒಂದೇ ಗುಂಪು. ಆ ಪಟ್ಟಿಗೆ ಮೈಲಿಗೆ ಗೊತ್ತಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಸತ್ವ ಅಳೆದು ಪ್ರಕಟಿಸಿದ 528 ಆಹಾರಗಳಲ್ಲೂ ದನದ ಮಾಂಸ ಇದೆ.

ಆದರೆ ಪ್ರಶ್ನೆ ಹಿಡಿದು ಕೇರಿಗೆ ಬಂದವನಿಗೆ ಜಾತಿ ಇದೆ. ಅವನ ಮುಂದೆ ಅವ್ವ 'ಬರೀ ಉಪ್ಪೆಸರು ಸ್ವಾಮಿ' ಅಂತಾಳೆ. ತಿಂದ ಬಾಡು ಸೊನ್ನೆಯಾಗುತ್ತೆ. ಆ ಸೊನ್ನೆಯನ್ನೇ ಇಥಿಯೋಪಿಯಾದ ಲೆಕ್ಕದ ಪಕ್ಕ ಇಡ್ತಾರೆ. ಕೇರಿಯ ಊಟ ಬರೆಯೋಕೆ ಕೇರಿಯ ಹುಡುಗ ಹುಡುಗಿಯರನ್ನೇ ಕಳಿಸಿ ಅಂತ ನಾವು ಕೇಳಬೇಕು.