ಯಂತ್ರ ಮಾತನಾಡಿದರೆ ಕೇಳುವವರಾರು?

ಯಂತ್ರಗಳಿಗೆ ಈಗ ಬಾಯಿ ಬಂದಿದೆ. ನೀರನ್ನೋ ಮಳೆಯನ್ನೋ ವಿದ್ಯುತ್ತನ್ನೋ ಅಳೆಯುವ ಒಂದು ಸಂವೇದಕ, ಅಳೆದುದನ್ನು ಲೆಕ್ಕಹಾಕುವ ಪುಟ್ಟ ಗಣಕ, ಆ ಲೆಕ್ಕವನ್ನು ಜಾಲದ ಮೂಲಕ ದೂರಕ್ಕೆ ಮುಟ್ಟಿಸುವ ಸಿಮ್ ಕಾರ್ಡು, ಇಷ್ಟಿದ್ದರೆ ತಗಡಿನ ಡಬ್ಬಿಯೂ ಮಾತನಾಡಬಲ್ಲದು. ಇಂಥವನ್ನು ರೂಪಿಸುವುದು ಇಂಜಿನಿಯರುಗಳ ಕೆಲಸ, ಕಲಾ ವಿಭಾಗದ ನಮಗೇಕೆ ಆ ಗೊಡವೆ ಎಂದು ಮಿತ್ರರು ಕೇಳುವುದುಂಟು. ಈ ಮಾತು ನನಗೆ ಒಪ್ಪಿಗೆಯಿಲ್ಲ.

ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತುಗಳಿಗೆ ಹೆಸರಾಗಿದ್ದಿತು. ಆ ಕಾರ್ಖಾನೆ ಈಗ ಮುಚ್ಚಿದೆ. ಲೇತು ತನ್ನೆದುರು ನಿಂತವನ ಕೈಯನ್ನಷ್ಟೇ ಬಲ್ಲುದು. ಕೆಟ್ಟರೆ ಅದರ ಸದ್ದೇ ಅವನಿಗೆ ಹೇಳುತ್ತದೆ. ಜಾಲಕ್ಕೆ ಸೇರಿದ ಯಂತ್ರವಾದರೋ ಇಲ್ಲಿ ಅಳೆದು, ಇನ್ನೆಲ್ಲಿಯೋ ಕುಳಿತವರಿಗೆ ಸುದ್ದಿ ಹೇಳುತ್ತದೆ. ಆದುದರಿಂದ ಅದನ್ನು ರೂಪಿಸುವಾಗ ಮೊದಲು ಕೇಳತಕ್ಕ ಪ್ರಶ್ನೆ ಒಂದೇ: ಸುದ್ದಿ ಯಾರಿಗೆ?

ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರನ್ನು ನೋಡಿರಿ. ತ್ರೀ ಫೇಸ್ ವಿದ್ಯುತ್ತು ಅರ್ಧರಾತ್ರಿಗೆ ಬಂದರೆ ರೈತನು ಬ್ಯಾಟರಿ ಹಿಡಿದು, ಹಾವು ಹುಳುಗಳ ನಡುವೆ ಹೊಲಕ್ಕೆ ಹೋಗಬೇಕಾಗಿತ್ತು. ನಮ್ಮ ತಂದೆಯವರು ಹಾಗೆ ಹೋದ ರಾತ್ರಿಗಳಲ್ಲಿ ಮನೆಯಲ್ಲಿ ಯಾರಿಗೂ ನಿದ್ರೆಯಿರುತ್ತಿರಲಿಲ್ಲ. ಈಗ ಫೋನಿನ ಗುಂಡಿ ಒತ್ತಿದರೆ ಮೋಟಾರು ಓಡುತ್ತದೆ. ಒಂದು ಫೇಸು ತಪ್ಪಿದರೆ, ಬಾವಿಯಲ್ಲಿ ನೀರು ತೀರಿದರೆ ಮೋಟಾರು ಸುಡುವ ಮೊದಲೇ ನಿಲ್ಲುವಂತೆಯೂ ಮಾಡಿರುತ್ತಾರೆ. ಇಲ್ಲಿ ಸುದ್ದಿ ನೇರವಾಗಿ ಬೆಳೆಯ ಒಡೆಯನಿಗೇ ಬರುತ್ತದೆ. ಅದರ ಹಿರಿಮೆಯೂ ಇದೇ.

ಎಲ್ಲೆಡೆಯೂ ಹೀಗಿಲ್ಲ. 2016ರ ಜನವರಿಯಲ್ಲಿ ದಾವಣಗೆರೆಯು ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳಲ್ಲಿ ಒಂದಾಗಿ ಆಯ್ಕೆಯಾಯಿತು. ಬೀದಿಯ ಕ್ಯಾಮರಾಗಳ ಸುದ್ದಿ ಹೋಗುವುದು ನಿಯಂತ್ರಣ ಕೊಠಡಿಗೆ. ಯಾದಗಿರಿ ಸೀಮೆಯ ನಾರಾಯಣಪುರ ಎಡದಂಡೆ ನಾಲೆಯ ನವೀಕರಣ ಯೋಜನೆಯು 2023ರ ಜನವರಿಯಲ್ಲಿ ಉದ್ಘಾಟನೆಗೊಂಡಿತು. ದೂರದಿಂದಲೇ ಗೇಟುಗಳನ್ನು ಏರಿಸಿ ಇಳಿಸುವ ವ್ಯವಸ್ಥೆ ಅಲ್ಲಿದೆ. ನಮ್ಮ ಭಾಗಕ್ಕೆ ನೀರು ಕೊಡುವುದು ಭದ್ರಾ ನಾಲೆ. ಮೇಲ್ಭಾಗದವರಿಗೆ ದೊರೆತ ನೀರು ಹರಿಹರದ ಕಡೆಯ ಕೊನೆಭಾಗದ ಗದ್ದೆಗಳಿಗೆ ಮುಟ್ಟೀತೇ ಎಂಬುದು ಬೇಸಿಗೆ ಬೆಳೆಯ ಹಳೆಯ ಚಿಂತೆ. ಇಲ್ಲಿನ ಪ್ರತಿ ಗೇಟಿಗೂ ನಾಳೆ ಬಾಯಿ ಬರಬಹುದು. ಅದು ಕಚೇರಿಯೊಡನೆ ಮಾತ್ರ ಮಾತನಾಡಿದರೆ ಕೊನೆಭಾಗದವನ ಪಾಡು ಹಿಂದಿನದೇ ಆಗುತ್ತದೆ.

ಎಲ್ಲರಿಗೂ ತಿಳಿಸಿದರೆ ಜಗಳ ಹೆಚ್ಚುವುದೆಂದು ಕೆಲವರ ವಾದ. ಎಷ್ಟು ನೀರು ಎಲ್ಲಿ ಹರಿಯಿತೆಂದು ತಿಳಿಯದಿರುವುದರಿಂದಲೇ ಅಲ್ಲವೆ ಸಂಶಯ ಹುಟ್ಟುವುದು, ಸಂಶಯದಿಂದಲೇ ಅಲ್ಲವೆ ಜಗಳ? ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳಲ್ಲಿ 6,000ಕ್ಕೂ ಹೆಚ್ಚು ಮಳೆಮಾಪಕಗಳನ್ನು ಇರಿಸಿದೆ. ಅವು 15 ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಲೆಕ್ಕ ಕಳುಹಿಸುವಂತೆ ರಚಿತವಾದವು. ಅದೇ ಕೇಂದ್ರವು ವರುಣಮಿತ್ರ ಎಂಬ ಸಹಾಯವಾಣಿಯ ಮೂಲಕ ಆ ತಿಳಿವನ್ನು ರೈತರಿಗೆ ಹಿಂತಿರುಗಿಸಿತು. ಮಳೆಗೆ ಸಲ್ಲುವ ನ್ಯಾಯ ನಾಲೆಯ ನೀರಿಗೆ ಸಲ್ಲಬಾರದೇಕೆ?

ಆದುದರಿಂದ ಇಂಥ ಯಂತ್ರಗಳನ್ನು ರೂಪಿಸುವವರಲ್ಲಿ ನನ್ನ ಬೇಡಿಕೆ ಮೂರು. ಯಂತ್ರವು ಯಾರ ಬದುಕನ್ನು ಅಳೆಯುತ್ತದೆಯೋ ಅವರಿಗೂ ಸುದ್ದಿ ಹೇಳಲಿ, ಅವರು ಆಡುವ ಕನ್ನಡದಲ್ಲಿಯೇ ಹೇಳಲಿ. ಜಾಲ ಕಡಿದಾಗ ಹಳೆಯ ಲೆಕ್ಕವನ್ನೇ ತೋರಿಸದೆ, ಸಂಪರ್ಕವಿಲ್ಲವೆಂದು ಒಪ್ಪಿಕೊಳ್ಳಲಿ. ಎಲ್ಲವೂ ಕೈಕೊಟ್ಟಾಗ ಕೈಯಿಂದಲೇ ನಡೆಸುವ ಒಂದು ಸ್ವಿಚ್ಚು ಇರಲಿ.

ಇವುಗಳಲ್ಲಿ ಯಾವುದೂ ಬರಿಯ ವಿಜ್ಞಾನದ ಪ್ರಶ್ನೆಯಲ್ಲ. ಭಾಷೆ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳನ್ನು ಓದುವ ನಾವೇ ಕೇಳಬೇಕಾದ ಪ್ರಶ್ನೆಗಳಿವು. ನಮ್ಮೂರಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳೂ ನಾವೂ ಒಮ್ಮೆ ಒಟ್ಟಿಗೆ ನಾಲೆಯ ಏರಿಯ ಮೇಲೆ ನಡೆದು, ನೀರುಗಂಟಿಯನ್ನೂ ರೈತನನ್ನೂ ಮಾತನಾಡಿಸೋಣ. ಡಬ್ಬಿಗೆ ಬಾಯಿ ಕೊಡುವುದನ್ನು ಅವರು ಬಲ್ಲರು. ಅದು ಯಾರೊಡನೆ ಮಾತನಾಡಬೇಕೆಂದು ಹೇಳುವ ಹೊಣೆ ನಮ್ಮದೂ ಹೌದು.