ತೊಟ್ಟಿ ದೊಡ್ಡದಿರಲಿ, ತಳದ ಮಣ್ಣು ನಮ್ಮದಿರಲಿ

ಹಸಿರು ಗಿಡ ತುಂಬಿದ ಅಕ್ವೇರಿಯಂಗಳ ವಿಡಿಯೊ ನೋಡಿದವರಿಗೆ ಸಣ್ಣ ಗಾಜಿನ ಬೋಗುಣಿಯಲ್ಲಿ ಎರಡು ಮೀನು ಸಾಕುವುದು ಸಪ್ಪೆ ಎನಿಸುತ್ತದೆ. ನಾಲ್ಕು ಅಡಿ ಉದ್ದದ, ಗಾಜಿಗೆ ತೂತು ಕೊರೆಸಿ ಪೈಪ್ ಜೋಡಿಸಿದ, ಕಾಡಿನ ತುಣುಕಿನಂತೆ ಕಾಣುವ ದೊಡ್ಡ ತೊಟ್ಟಿಯೇ ಬೇಕು ಎಂಬ ಆಸೆ ಹುಟ್ಟುತ್ತದೆ. ಆಸೆ ತಪ್ಪಲ್ಲ. ನನ್ನ ತಕರಾರು ಇರುವುದು ನಾವು ಶುರು ಮಾಡುವ ಕ್ರಮದ ಬಗ್ಗೆ. ಮೊದಲು ಮೀನು, ಆಮೇಲೆ ಲೈಟು, ಕೊನೆಗೆ ಅಂಗಡಿಯವರು ಕೊಟ್ಟ ಯಾವುದೋ ಚೀಲದ ಮಣ್ಣು! ನೀರು ತುಂಬಿದ ಮೇಲೆ ಸುಲಭವಾಗಿ ಬದಲಿಸಲಾಗದವು ಎರಡೇ: ಗಾಜಿನ ತೂತು ಮತ್ತು ತಳದ ಮಣ್ಣು. ಮೊದಲು ಯೋಚಿಸಬೇಕಾದುದು ಇವೆರಡನ್ನೇ. ಆ ಯೋಚನೆ ನಮ್ಮೂರಿನ ನೀರು, ನಮ್ಮೂರಿನ ನೆಲದಿಂದಲೇ ಶುರುವಾಗಬೇಕು.

ಮುಳಗುಂದದಂಥ ಊರಿನಲ್ಲಿ ಈ ಮಾತು ತೆಗೆದರೆ ಹಿರಿಯರು ಕೇಳುವ ಮೊದಲ ಪ್ರಶ್ನೆ, ‘ಕುಡಿಯಾಕ ನೀರ ಸಾಲಂಗಿಲ್ಲ, ಮೀನಿಗೆ ಮನಿ ಕಟ್ಟಸ್ತೀಯೇನೋ ತಮ್ಮಾ?’ ನಗೆಯಾಡಿ ತಳ್ಳಿಹಾಕುವ ಪ್ರಶ್ನೆ ಇದಲ್ಲ. ಗದಗ ಜಿಲ್ಲೆ ಬಯಲುಸೀಮೆ. ನಳದ ನೀರಿಗೆ ಕಾಯುವ ಮನೆಗಳು ಇಲ್ಲಿ ಇಂದಿಗೂ ಇವೆ. ಹಾಗಾಗಿ ಲೆಕ್ಕ ಹಾಕಿಯೇ ಉತ್ತರ ಕೊಡಬೇಕು. 120 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 60 ಸೆಂ.ಮೀ. ಎತ್ತರದ ತೊಟ್ಟಿಯ ಗಾತ್ರ 432 ಲೀಟರ್. ಮಣ್ಣು, ಕಲ್ಲು ಕಳೆದರೂ ಸುಮಾರು 380 ಲೀಟರ್ ನೀರು ಬೇಕು. ವಾರಕ್ಕೊಮ್ಮೆ ಕಾಲು ಭಾಗ ಬದಲಿಸಿದರೆ 95 ಲೀಟರ್, ಅಂದರೆ ಆರೇಳು ಕೊಡ. ಆದರೆ ಗಿಡ ಹೆಚ್ಚು, ಮೀನು ಕಡಿಮೆ ಇರುವ ತೊಟ್ಟಿಗೆ ಅಷ್ಟು ನೀರು ಬೇಕಿಲ್ಲ. ಮೀನಿನ ಹೊಲಸಿನಿಂದ ಬರುವ ಸಾರಜನಕವನ್ನು ಗಿಡಗಳೇ ಉಣ್ಣುತ್ತವೆ. ಹೊರತೆಗೆದ ನೀರು ಕರಿಬೇವು, ದಾಸವಾಳದ ಬುಡಕ್ಕೆ ಗೊಬ್ಬರದ ನೀರಾಗುತ್ತದೆ. ಕುಡಿಯುವ ನೀರನ್ನು ಮುಟ್ಟದೆ, ಬಳಕೆಯ ನೀರು ಮತ್ತು ಮಳೆನೀರಿನಲ್ಲೇ ತೊಟ್ಟಿ ನಡೆಯುವುದಾದರೆ ಇಡಿ. ಆಗದಿದ್ದರೆ ಸಣ್ಣ ತೊಟ್ಟಿ ಸಾಕು.

ಇನ್ನು ತೂತಿನ ವಿಷಯ. ತೊಟ್ಟಿಯ ಹಿಂಬದಿಯ ಗಾಜಿನಲ್ಲಿ, ಮೇಲ್ಭಾಗದಲ್ಲಿ ತೂತು ಕೊರೆದರೆ ಹೆಚ್ಚಾದ ನೀರು ತಾನಾಗಿಯೇ ಕೆಳಗಿನ ಸಂಪ್‌ಗೆ ಇಳಿಯುತ್ತದೆ. ಅಲ್ಲಿ ಸೋಸಿದ ನೀರನ್ನು ಪಂಪ್ ಮತ್ತೆ ಮೇಲಕ್ಕೆ ತರುತ್ತದೆ. ಫಿಲ್ಟರ್, ಹೀಟರ್ ಯಾವುದೂ ತೊಟ್ಟಿಯೊಳಗೆ ಕಾಣುವುದಿಲ್ಲ. ತಳದಲ್ಲಿ ಕೊರೆದರೂ ಇದೇ ಕೆಲಸ ಆಗುತ್ತದೆ ನಿಜ, ಆದರೆ ಅಲ್ಲಿನ ವಾಷರ್ ಸೋರಿದರೆ ಇಡೀ ತೊಟ್ಟಿ ಬರಿದಾಗುತ್ತದೆ. ಮೇಲ್ಭಾಗದ ತೂತು ಸೋರಿದರೆ ಅದರ ಮಟ್ಟದವರೆಗಿನ ನೀರು ಮಾತ್ರ ಹೋಗುತ್ತದೆ. ಟಫನ್ಡ್ ಗಾಜನ್ನಂತೂ ಕೊರೆಯಲೇಬಾರದು, ಬಿಟ್ ತಾಗಿದರೆ ಪುಡಿಪುಡಿಯಾಗುತ್ತದೆ. ಸಾದಾ ಗಾಜನ್ನೇ ತರಿಸಿ, ಅಂಚಿನಿಂದ ಕನಿಷ್ಠ ತೂತಿನ ವ್ಯಾಸದಷ್ಟು ದೂರ ಬಿಟ್ಟು, ಡೈಮಂಡ್ ಬಿಟ್‌ಗೆ ಸತತ ನೀರು ಬಿಡುತ್ತ ನಿಧಾನವಾಗಿ ಕೊರೆಸಬೇಕು. ಪೈಪ್ ಜೋಡಿಸುವ ಫಿಟಿಂಗನ್ನು ಮೊದಲು ಕೊಂಡು, ಅದರ ಅಳತೆ ನೋಡಿಯೇ ತೂತಿನ ಅಳತೆ ಹೇಳಿ. ಒಂದು ಇಂಚಿನ ಪೈಪಿಗೆ ಒಂದು ಇಂಚಿನ ತೂತು ಸಾಲುವುದಿಲ್ಲ.

ಕರೆಂಟ್ ಹೋದಾಗ ಏನಾಗುತ್ತದೆ ಎಂಬುದು ನಮ್ಮ ಕಡೆಯ ದೊಡ್ಡ ಪ್ರಶ್ನೆ. ನೀರು ಮೇಲೆ ತರುವ ಪೈಪಿನ ತುದಿ 10 ಸೆಂ.ಮೀ. ಆಳದಲ್ಲಿದ್ದರೆ, ಪಂಪ್ ನಿಂತ ಕೂಡಲೇ ಸೈಫನ್ ಆಗಿ 120×60×10, ಅಂದರೆ 72 ಲೀಟರ್ ನೀರು ಹಿಂದಕ್ಕೆ ಸಂಪ್‌ಗೆ ಇಳಿಯುತ್ತದೆ. ಸಂಪ್‌ನಲ್ಲಿ ಅಷ್ಟು ಜಾಗ ಇರದಿದ್ದರೆ ಮನೆಯ ತುಂಬ ನೀರು. ಪೈಪಿನಲ್ಲಿ ನೀರಿನ ಮೇಲ್ಮೈಗಿಂತ ತುಸು ಕೆಳಗೆ ಒಂದು ಸಣ್ಣ ತೂತು ಮಾಡಿದರೆ ಗಾಳಿ ಎಳೆದುಕೊಂಡು ಸೈಫನ್ ಮುರಿಯುತ್ತದೆ. ತರಗತಿಯ ಫ್ಲೂಯಿಡ್ ಮೆಕ್ಯಾನಿಕ್ಸ್‌ಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ಬೇಕೆ?

ತೊಟ್ಟಿ ಎಲ್ಲಿ ಕೂರುತ್ತದೆ ಎಂಬುದನ್ನೂ ನೋಡಬೇಕು. ನೀರು, ಗಾಜು, ಮಣ್ಣು, ಮರಳು ಸೇರಿದರೆ ಹತ್ತಿರಹತ್ತಿರ ಐದೂವರೆ ಕ್ವಿಂಟಲ್. ಐವತ್ತು ಕಿಲೊದ ಹನ್ನೊಂದು ಕಡಲೆ ಚೀಲಗಳನ್ನು ಒಂದು ಮೇಜಿನ ಮೇಲೆ ಒಟ್ಟಿದಂತೆ. ಮಣ್ಣಿನ ಮಾಳಿಗೆಯ ಮೇಲೆ ಇದನ್ನು ಇಡುವ ಮಾತೇ ಬೇಡ. ನೆಲಮಹಡಿಯಲ್ಲೂ ಎಚ್ಚರ ಬೇಕು. ಎರೆ ಭೂಮಿ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಎರೆಯ ಮೇಲೆ ಕಟ್ಟಿದ ಮನೆಗಳ ಗೋಡೆ ಸೀಳುವುದು ಇದೇ ಕಾರಣಕ್ಕೆ. ಪಾಯದಲ್ಲಿ ಗರಸು ತುಂಬಿ ಗಟ್ಟಿ ಮಾಡಿದ ಕೋಣೆಯಲ್ಲಿ, ಲೆವೆಲ್ ಹಿಡಿದು ನೋಡಿ, ಸ್ಟ್ಯಾಂಡ್ ಮೇಲೆ ಥರ್ಮಾಕೋಲ್ ಹಾಳೆ ಹಾಸಿ ಇಟ್ಟರೆ ಗಾಜಿಗೆ ಕ್ಷೇಮ.

ಈಗ ತಳದ ಹಾಸು, ಅಂಗಡಿಯವರ ಮಾತಿನಲ್ಲಿ ಸಬ್‌ಸ್ಟ್ರೇಟ್. ಗಿಡಗಳ ಅಕ್ವೇರಿಯಂ ಕಲೆಯನ್ನು ಜಗತ್ತಿಗೆ ಪರಿಚಯಿಸಿದವರಲ್ಲಿ ಜಪಾನಿನ ತಕಾಶಿ ಅಮಾನೊ (1954–2015) ಪ್ರಮುಖರು. ಅವರ ಕಂಪನಿಯ ‘ಆಕ್ವಾ ಸಾಯಿಲ್’ ಎಂದರೆ ಅಲ್ಲಿನ ಮಣ್ಣನ್ನೇ ಸುಟ್ಟು ಮಾಡಿದ ಕಾಳುಗಳು. ನೀರಿನ ಗಡಸುತನ ತಗ್ಗಿಸಿ, ತುಸು ಆಮ್ಲೀಯ ಮಾಡುವ ಗುಣ ಅದಕ್ಕಿದೆ. ನಮ್ಮ ತೊಟ್ಟಿಗೆ 6 ಸೆಂ.ಮೀ. ದಪ್ಪ ಹಾಸಲು 43 ಲೀಟರ್ ಬೇಕು, ಅಂದರೆ 9 ಲೀಟರಿನ ಐದು ಚೀಲ. ವಿದ್ಯಾರ್ಥಿಯ ಜೇಬಿಗೆ ಭಾರ. ಅದಕ್ಕಿಂತ ಮುಖ್ಯವಾಗಿ, ಮೆದು ನೀರಿನಲ್ಲಿ ಬಹುಕಾಲ ಬಾಳುವ ಆ ಗುಣ ನಮ್ಮ ಕೊಳವೆಬಾವಿಯ ಸವಳು ನೀರಿನಲ್ಲಿ ಬೇಗ ಮುಗಿದುಹೋಗುತ್ತದೆ. ಆಮೇಲೆ ಉಳಿಯುವುದು ದುಬಾರಿ ಕಪ್ಪು ಕಾಳು ಮಾತ್ರ. ಅಮೆರಿಕದ ಡಯಾನಾ ವಾಲ್‌ಸ್ಟಡ್ 1999ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ತೋರಿಸಿದ ದಾರಿ ಬೇರೆ: ತಳಕ್ಕೆ ಒಂದು ಇಂಚು ಸಾದಾ ಮಣ್ಣು, ಮೇಲೆ ಜಲ್ಲಿಯ ಹೊದಿಕೆ. ನಮಗೆ ಹೊಂದುವುದು ಈ ದಾರಿಯೇ.

ಹಾಗಾದರೆ ಯಾವ ಮಣ್ಣು, ಎರೆಯೋ ಮಸಾರಿಯೋ? ಎರೆ ಮಣ್ಣಿಗೆ ಪೋಷಕಾಂಶ ಹಿಡಿದಿಡುವ ಶಕ್ತಿ ಹೆಚ್ಚು. ಆದರೆ ಅದರ ಜೇಡಿಯ ಕಣ ಬಲು ಸಣ್ಣದು. ಕಲಕಿದರೆ ನೀರು ದಿನಗಟ್ಟಲೆ ತಿಳಿಯಾಗದು. ದಪ್ಪಗೆ ಹಾಸಿದರೆ ಗಾಳಿಯಾಡದೆ ಕೊಳೆತು, ಕೆಟ್ಟ ಮೊಟ್ಟೆಯ ವಾಸನೆಯ ಅನಿಲ ಏಳುತ್ತದೆ. ಅದರಲ್ಲಿರುವ ಸುಣ್ಣದ ಹರಳುಗಳು ನೀರನ್ನು ಇನ್ನಷ್ಟು ಗಡಸು ಮಾಡುತ್ತವೆ. ಕಬ್ಬಿಣದ ಅಂಶವಿರುವ ಮಸಾರಿ ಮಣ್ಣೇ ತಳಕ್ಕೆ ಮೇಲು. ಗೊಬ್ಬರ, ಕೀಟನಾಶಕ ಬೀಳದ ಬದುವಿನಿಂದ ತಂದು, ಜರಡಿ ಹಿಡಿದು, ಮೂರ್ನಾಲ್ಕು ಸಲ ನೆನೆಸಿ ಒಣಗಿಸಿ, ಎರಡೂವರೆ ಸೆಂ.ಮೀ. ಹಾಸಬೇಕು. ಬೇಕಾಗುವುದು ಕೇವಲ 18 ಲೀಟರ್. ಎರೆಯನ್ನು ಸಣ್ಣ ಗುಳಿಗೆ ಮಾಡಿ ಒಣಗಿಸಿ, ಹಸಿದ ಗಿಡದ ಬೇರಿಗೆ ಒಂದೊಂದು ಇಟ್ಟರೆ ಅದರ ಗುಣವೂ ಸಿಗುತ್ತದೆ, ರಗಳೆಯೂ ಇಲ್ಲ.

ಮೇಲಿನ ಹೊದಿಕೆಗೆ 2ರಿಂದ 3 ಮಿ.ಮೀ. ಕಾಳಿನ ಮರಳು ನಾಲ್ಕು ಸೆಂ.ಮೀ. ಸಾಕು. ತುಂಗಭದ್ರೆಯ ಒಡಲಿಗೆ ಕೈ ಹಾಕುವುದು ಬೇಡ, ಆ ನದಿಯ ಮರಳು ಈಗಾಗಲೇ ಸಾಕಷ್ಟು ಲೂಟಿಯಾಗಿದೆ. ಜರಡಿ ಹಿಡಿದು ಚೆನ್ನಾಗಿ ತೊಳೆದ ಎಂ-ಸ್ಯಾಂಡ್ ನಡೆಯುತ್ತದೆ. ಅದರ ಅಂಚು ಚೂಪು, ಹಾಗಾಗಿ ತಳ ಕೆದಕುವ ಮೀನು ಬೇಡ. ಕಪ್ಪತಗುಡ್ಡದ ಕೆಂಪು ಮಣ್ಣು, ಕಲ್ಲು ಚಂದ ಎಂದು ಚೀಲ ಹಿಡಿದು ಹೊರಡಬೇಡಿ. 2019ರಿಂದ ಅದು ವನ್ಯಜೀವಿಧಾಮ.

ಇದೆಲ್ಲ ನಂಬಿಕೆಯ ಮಾತಲ್ಲ, ಪರೀಕ್ಷಿಸಿ ನೋಡಬಹುದು. ಮರಳಿಗೆ, ಕಲ್ಲಿಗೆ ನಾಲ್ಕು ಹನಿ ವಿನೆಗರ್ ಹಾಕಿ. ಬುರುಗು ಬಂದರೆ ಸುಣ್ಣವಿದೆ ಎಂದರ್ಥ. ಗಾಜಿನ ಬಾಟಲಿಯಲ್ಲಿ ಮಣ್ಣು, ನೀರು ಹಾಕಿ ಅಲ್ಲಾಡಿಸಿ ಇಟ್ಟರೆ ಮರಳು, ಗೋಡು, ಜೇಡಿ ಪದರ ಪದರವಾಗಿ ಕೂರುತ್ತವೆ. ನೀರಿನ ಗಡಸುತನ ಅಳೆಯುವ ಇಡಿಟಿಎ ಟೈಟ್ರೇಷನ್ ನಾವು ಮೊದಲ ವರ್ಷದ ಲ್ಯಾಬ್‌ನಲ್ಲಿ ಮಾಡಿ, ರೆಕಾರ್ಡ್ ಬರೆದು, ಮರೆತದ್ದು. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಒಪ್ಪಿತ ಮಿತಿ ಲೀಟರಿಗೆ 200 ಮಿ.ಗ್ರಾಂ. ನಿಮ್ಮ ಮನೆಯ ನೀರಿನದು ಎಷ್ಟು? ಈ ಒಂದು ಸಂಖ್ಯೆ ತಿಳಿದರೆ ಯಾವ ಗಿಡ ಬದುಕುತ್ತದೆ ಎಂಬುದೂ ಅಂದಾಜಾಗುತ್ತದೆ. ಗಡಸು ನೀರಿಗೆ ವ್ಯಾಲಿಸ್ನೇರಿಯಾ, ಹಾರ್ನ್‌ವರ್ಟ್ ಒಗ್ಗುತ್ತವೆ.

ಇನ್ನೊಂದು ಮಾತು. ಬೇಸಿಗೆಯಲ್ಲಿ ತೊಟ್ಟಿಯ ನೀರು ಆವಿಯಾಗುತ್ತದೆ, ಉಪ್ಪು ಒಳಗೇ ಉಳಿಯುತ್ತದೆ. ಮತ್ತೆ ಸವಳು ನೀರನ್ನೇ ಸುರಿದರೆ ಗಡಸುತನ ಏರುತ್ತಲೇ ಹೋಗುತ್ತದೆ. ಮಲಪ್ರಭಾ ಕಾಲುವೆಯ ನೀರುಂಡ ಎಷ್ಟೋ ಎರೆ ಹೊಲಗಳಲ್ಲಿ ಬಸಿಗಾಲುವೆ ಇಲ್ಲದೆ ಸವಳು ಮೇಲೆದ್ದದ್ದೂ ಹೀಗೆಯೇ. ತುಂಬಿಕೊಡಲು ಮಾಳಿಗೆಯ ಮಳೆನೀರು ಹಿಡಿದಿಟ್ಟರೆ ಅರ್ಧ ತೊಂದರೆ ತಪ್ಪುತ್ತದೆ. ಹೊಸ ಮಣ್ಣು ಮೊದಲ ವಾರಗಳಲ್ಲಿ ಅಮೋನಿಯಾ ಬಿಡುತ್ತದೆ. ಗಿಡ ನೆಟ್ಟು ಐದಾರು ವಾರ ಕಾದು, ನೀರು ಪರೀಕ್ಷಿಸಿ, ಆಮೇಲೆ ಮೀನು ತನ್ನಿ.

ಬೇಸರವಾದರೆ ಮೀನು, ಗಿಡಗಳನ್ನು ಕೆರೆಗೆ ಬಿಡುವುದು ಪುಣ್ಯ ಎಂದು ಕೆಲವರು ತಿಳಿದಿದ್ದಾರೆ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಅದು ರಾಮ್ಸಾರ್ ಪಟ್ಟಿಗೂ ಸೇರಿತು. ಅಂಥ ಕೆರೆಗೆ ಪರದೇಶದ ಮೀನೋ ಅಂತರಗಂಗೆಯೋ ಸೇರಿದರೆ ತೆಗೆಯುವುದು ಯಾರ ಕೈಯಲ್ಲೂ ಇಲ್ಲ. ಬೇಡವಾದುದನ್ನು ಇನ್ನೊಬ್ಬ ಹವ್ಯಾಸಿಗೆ ಕೊಡಿ.

ಪ್ರಾಜೆಕ್ಟ್‌ಗೆ ವಿಷಯವಿಲ್ಲ ಎಂದು ಒದ್ದಾಡುವ ಗೆಳೆಯರೇ, ನೀರು, ಮಣ್ಣು, ಭಾರ, ಒತ್ತಡ ಎಲ್ಲವೂ ನಾಲ್ಕು ಅಡಿ ಗಾಜಿನೊಳಗೆ ಇವೆ. ಸಂದರ್ಶನದಲ್ಲಿ ‘ಏನು ಮಾಡಿದ್ದೀರಿ’ ಎಂದು ಕೇಳಿದಾಗ, ನಮ್ಮ ಊರಿನ ಮಣ್ಣನ್ನು ಅಳೆದು ನೋಡಿ ಕಟ್ಟಿದ್ದೇನೆ ಎನ್ನುವ ಮಾತಿಗೆ ತೂಕವಿದೆ. ಚೀಲ ಕೊಳ್ಳುವ ಮುನ್ನ ಒಮ್ಮೆ ಹಿತ್ತಲಿನ ಮಣ್ಣನ್ನು ಬಾಟಲಿಗೆ ಹಾಕಿ ಅಲ್ಲಾಡಿಸಿ ನೋಡಿ. ಖರ್ಚು ಒಂದು ರೂಪಾಯಿಯೂ ಇಲ್ಲ.